ಬೆಲ್ಲದ ಕೆಸರು ಮೆತ್ತಿದ ಟ್ಯಾಂಕು

ಮೊನ್ನೆ ಅಡುಗೆಮನೆ ಅಟ್ಟದಿಂದ ದೊಡ್ಡ ಕುಕ್ಕರ್ ಇಳಿಸೋಕೆ ಹೋದಾಗ ಅದರೊಳಗೆ ನಮ್ಮನೆ ಹಳೇ ಟೀ ಸೋಸೋ ಜಾಲರಿ ಸಿಕ್ತು. ಹಿಡಿ ನೆಟ್ಟಗಿದೆ, ಸುತ್ತಿನ ಬಳೆ ನೆಟ್ಟಗಿದೆ, ನಡುವೆ ಮಾತ್ರ ಒಂದು ಚಚ್ಚೌಕ ತೂತು. ಹರಿದಿದ್ದಲ್ಲ ಸ್ವಾಮಿ, ಕತ್ತರಿಸಿದ್ದು. ಅಂಚು ನೋಡ್ಬೇಕು ನೀವು, ಒಂದೆಳೆ ಆಚೀಚೆ ಆಗಿಲ್ಲ. ಇಡೀ ಪೀಣ್ಯದಲ್ಲಿ ಹಾಗೆ ಕತ್ತರಿಸೋ ಕೈ ಇರೋದು ಒಂದೇ ಜೊತೆ, ಅದು ನಂದು. ಏಣಿ ಮೇಲೆ ನಿಂತ್ಕೊಂಡೇ ಅದನ್ನ ಬೆಳಕಿಗೆ ಹಿಡಿದು ನನ್ನನ್ನ ನಾನೇ ಮೆಚ್ಚಿಕೊಳ್ತಿದ್ದೆ. ಕೆಳಗೆ ಏಣಿ ಹಿಡ್ಕೊಂಡಿದ್ದ ನನ್ನ ಹೆಂಡ್ತಿ ಸುಶೀಲ, "ಏನ್ರೀ, ಕದಿಯೋಕೆ ಇನ್ನೂ ಏನಾದ್ರೂ ಉಳ್ದಿದ್ಯಾ ಅಂತ ಹುಡುಕ್ತಿದೀರಾ? ಏಣಿ ಬಿಟ್ಬಿಡ್ಲಾ?" ಅಂದ್ಲು.

ಆ ಚಚ್ಚೌಕದ ತುಂಡು ಈಗ ಎಲ್ಲಿದೆ ಅಂದ್ರೆ, ಒಂದು ಯುದ್ಧದ ಟ್ಯಾಂಕಿನ ಇಂಜಿನ್ ಮೇಲೆ. ಗಾಬರಿ ಬೀಳ್ಬೇಡಿ, ಟ್ಯಾಂಕಿನ ಉದ್ದ ಒಂದು ಗೇಣು. ಪ್ಲಾಸ್ಟಿಕ್ಕಿಂದು. ಆದ್ರೂ ಅದು ಮಾಡಿದ ನಾಶ ನಿಜವಾದ ಟ್ಯಾಂಕ್ ಮಾಡೋದಕ್ಕಿಂತ ಕಮ್ಮಿ ಏನಲ್ಲ. ಕೂತ್ಕೊಳ್ಳಿ, ಹೇಳ್ತೀನಿ.

ಮೊದ್ಲು ನಾನು ಯಾರು ಅಂತ ಹೇಳ್ಬಿಡ್ತೀನಿ, ಇಲ್ದಿದ್ರೆ ನಿಮಗೆ ನನ್ನ ಮೇಲೆ ಗೌರವ ಬಂದ್ಬಿಡೋ ಅಪಾಯ ಇದೆ. ಹೆಸರು ಪುಟ್ಟಸ್ವಾಮಿ. ಪೀಣ್ಯದ ಒಂದು ಕಾರ್ಖಾನೆ ಟೂಲ್‌ರೂಮಲ್ಲಿ ಮೂವತ್ತು ವರ್ಷ ದುಡಿದು ಫೋರ್‌ಮನ್ ಆಗಿ ರಿಟೈರ್ ಆದೋನು. ಕೆಲಸದಲ್ಲಿ ನಾನು ಎಷ್ಟು ನಿಖರ ಅಂದ್ರೆ, ಕೂದಲಲ್ಲಿ ಹತ್ತನೇ ಒಂದು ಪಾಲು ಹೆಚ್ಚುಕಮ್ಮಿ ಆದ್ರೂ ಕೈಗೆ ಗೊತ್ತಾಗ್ತಿತ್ತು. ಆದ್ರೆ ಅಲ್ಲಿ ಈಗ್ಲೂ ನನ್ನ ಹೆಸರು ಹೇಳೋದು ಅದಕ್ಕಲ್ಲ. ನಮ್ಮ ಕೆಲಸದಲ್ಲಿ ಎರಡು ಕಬ್ಬಿಣದ ಮುಖ ಒಂದಕ್ಕೊಂದು ಸರಿಯಾಗಿ ಕೂರುತ್ತಾ ಅಂತ ನೋಡೋಕೆ ಒಂದು ನೀಲಿ ಪೇಸ್ಟ್ ಸವರ್ತೀವಿ. ಮೈಗಂಟಿದ್ರೆ ಮೂರು ದಿನ ಹೋಗಲ್ಲ. ಒಂದಿನ ಅದನ್ನ ಮ್ಯಾನೇಜರ್ ಟೇಬಲ್ ಮೇಲಿದ್ದ ಫೋನಿಗೆ ತೆಳ್ಳಗೆ ಸವರಿ, ಪಕ್ಕದ ಶೆಡ್ಡಿಂದ ಫೋನ್ ಮಾಡ್ದೆ. "ಸಾರ್, ಸರಿಯಾಗಿ ಕೇಳಿಸ್ತಿಲ್ಲ, ಇನ್ನೊಂದ್ ಕಿವಿಗಿಟ್ಕೊಳ್ಳಿ" ಅಂದೆ. ಅವರು ಎರಡೂ ಕಿವಿ ನೀಲಿ ಮಾಡ್ಕೊಂಡು ಸೀದಾ ಹೋಗಿದ್ದು ವಿದೇಶದ ಗಿರಾಕಿಗಳ ಜೊತೆ ಮೀಟಿಂಗಿಗೆ. ಗಿರಾಕಿಗಳು ಪಾಪ, ನಮ್ಮ ಕಡೆ ಏನೋ ಹಬ್ಬ ಇರ್ಬೇಕು ಅಂತ ಕೈ ಮುಗಿದ್ರಂತೆ.

ರಿಟೈರ್ ಆದ್ಮೇಲೆ ಇಂಥ ಆಟಕ್ಕೆ ಜನ ಸಿಗಲ್ಲ. ಮನೇಲಿರೋದು ಹೆಂಡ್ತಿ ಒಬ್ಳು. ಅವಳ ಮೇಲೆ ಪ್ರಯೋಗ ಮಾಡಿದ್ರೆ ಪರಿಣಾಮ ನೇರ ಊಟದ ಮೇಲೆ. ಕೈ ಸುಮ್ನಿರ್ದೇ ಮನೇಲಿದ್ದ ಬಾಗಿಲ ಕೀಲು, ಕುಕ್ಕರ್ ಹಿಡಿ, ಮಿಕ್ಸಿ ಎಲ್ಲ ಬಿಚ್ಚಿ ಜೋಡಿಸ್ದೆ. ಮಿಕ್ಸಿ ಜೋಡಿಸಿದ್ಮೇಲೆ ಎರಡು ಸ್ಕ್ರೂ ಮಿಕ್ಕಿದ್ವು. ಅದು ತಯಾರು ಮಾಡಿದೋರ ತಪ್ಪು ಅಂತ ಸುಶೀಲನಿಗೆ ಹೇಳಿದೀನಿ.

ರಿಟೈರ್ ಆದ ವರ್ಷದ ಬೇಸಿಗೇಲಿ ಕಾಡುಗೋಡಿಯ ಅವಳಕ್ಕನ ಮನೆಗೆ ಹೋದೋರು, ಏಸಿ ಗಾಳಿ ಕುಡಿಯೋಣ ಅಂತ ವೈಟ್‌ಫೀಲ್ಡಿನ ಒಂದು ಮಾಲಿಗೆ ನುಗ್ಗಿದ್ವಿ. ಅಕ್ಕತಂಗೀರು ಸೀರೆ ಮುಟ್ಟಿ ಮುಟ್ಟಿ ಬಿಡ್ತಿದ್ರು. ನಾನು ಪಕ್ಕದ ಅಂಗಡೀಲಿ ಒಂದು ಡಬ್ಬಿ ನೋಡ್ದೆ. ಮೇಲೆ ಟ್ಯಾಂಕಿನ ಚಿತ್ರ, ಒಳಗೆ ಮುನ್ನೂರು ಚಿಲ್ಲರೆ ಪ್ಲಾಸ್ಟಿಕ್ ತುಂಡು, ನಾವೇ ಜೋಡಿಸ್ಕೊಬೇಕು. 'ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ' ಅಂತ ಬರೆದಿತ್ತು. ನನಗೆ ಅರವತ್ತು ದಾಟಿತ್ತು, ಅರ್ಹತೆ ನಾಲ್ಕು ಪಟ್ಟು ಇತ್ತು. ತಗೊಂಡೆ. ಸುಶೀಲ ಪಕ್ಕದ ಮನೆಯೋರಿಗೆ "ನಮ್ಮನೇವ್ರು ಟ್ಯಾಂಕ್ ಮಾಡ್ತಿದಾರೆ" ಅಂದಾಗ ಅವರು "ಎಷ್ಟು ಲೀಟರಿಂದು?" ಅಂತ ಕೇಳಿದ್ರು. ಆಮೇಲೆ ಅವಳು ಆ ವಿಷಯಾನೇ ಎತ್ಲಿಲ್ಲ.

ಹದಿನೈದು ದಿನಕ್ಕೆ ಟ್ಯಾಂಕ್ ರೆಡಿ. ಎಲ್ಲೂ ಸಂದು ಕಾಣಲ್ಲ, ಹಸಿರು ಬಣ್ಣ ಕನ್ನಡಿ ಥರ. ಅದನ್ನ ಟವಲ್ಲಲ್ಲಿ ಸುತ್ಕೊಂಡು, ತೊಟ್ಟಿಲ ಕೂಸಿನ ಥರ ಎತ್ಕೊಂಡು, ನಾಗಸಂದ್ರದಲ್ಲಿ ನಾವು ಮುದುಕರೆಲ್ಲ ಸಂಜೆ ಸೇರೋ ಕಲ್ಲುಬೆಂಚಿಗೆ ಹೋದೆ. ಬೇರೆ ಯಾರಿಗೂ ತೋರಿಸೋಕಲ್ಲ, ಹವಾಲ್ದಾರ್ ರಂಗಪ್ಪನೋರಿಗೆ ತೋರಿಸೋಕೆ.

ರಂಗಪ್ಪನೋರು ಈ ಕಡೆಯ ಹಳೇ ಊರಿನ ಮನೆತನದೋರು. ಅವರಪ್ಪ ರಾಗಿ ಬೆಳೀತಿದ್ದ ಹೊಲದ ಮೇಲೇ ನಮ್ಮ ಕಾರ್ಖಾನೆ ಎದ್ದಿದ್ದು. ಮಗ ಮಿಲ್ಟ್ರಿ ಸೇರಿ, ರಾಜಸ್ಥಾನದ ಮರಳಲ್ಲಿ ಹತ್ತಾರು ವರ್ಷ ಟ್ಯಾಂಕ್ ಓಡಿಸಿ, ವಾಪಸ್ ಬಂದು ಅದೇ ಹೊಲದ ಗೇಟಲ್ಲಿ ಸೆಕ್ಯೂರಿಟಿ ಆಗಿ ನಿಂತ್ರು. ನನಗಿಂತ ನಾಲ್ಕು ವರ್ಷ ದೊಡ್ಡೋರು. ಇಪ್ಪತ್ತು ವರ್ಷ ನನ್ನ ಟಿಫನ್ ಡಬ್ಬಿ ಬಿಚ್ಚಿ ನೋಡಿದ ಮನುಷ್ಯ. ಒಂದ್ಸಲ ಅದರಲ್ಲಿ ಜೀವಂತ ಕಪ್ಪೆ ಇಟ್ಟಿದ್ದೆ. ಅವರು ಮುಖ ಅಲ್ಲಾಡಿಸ್ದೇ ಮುಚ್ಚಳ ಹಾಕಿ, "ಕಂಪ್ನಿ ಮಾಲಲ್ಲ, ಓಗು" ಅಂದಿದ್ರು. ನನ್ನ ಜೀವನದಲ್ಲಿ ಏಮಾರದೇ ಉಳಿದಿರೋ ಗಂಡಸು ಅಂದ್ರೆ ಅವರೊಬ್ಬರೇ. ಅದು ನನಗೆ ಮುಳ್ಳು ಚುಚ್ಚಿದ ಹಾಗೆ ಚುಚ್ತಾನೇ ಇತ್ತು.

ಅವರು ಟ್ಯಾಂಕನ್ನ ಅಂಗೈ ಮೇಲಿಟ್ಟು ಸುತ್ತ ತಿರುಗಿಸಿದ್ರು.

"ಚೆಂದಾಗೈತೆ ಪುಟ್‌ಸಾಮಿ. ಆದ್ರೆ ಇದು ಟ್ಯಾಂಕಲ್ಲ."

"ಮತ್ತೇನು ಹವಾಲ್ದಾರ್ರೇ?"

"ಮದ್ವೆ ಗಂಡು. ಅರಿಶ್ಣ ಅಚ್ಚಿ ನೀರುಯ್ದು ಈಗ್ತಾನೆ ಅಸೆಮಣೆ ಮ್ಯಾಲೆ ಕುಂಡ್ರಿಸ್ದಂಗೈತೆ. ನಂ ಗಾಡಿ ಇಂಗಿತ್ತಾ? ಎಣ್ಣೆ, ಮಣ್ಣು, ತುಕ್ಕು! ಮೈ ತೊಳೀದಿರೋ ಎಮ್ಮೆ ನೋಡಿದೀಯಾ, ಅಂಗಿತ್ತು."

ಬೆಂಚಿನ ಮೇಲಿದ್ದೋರೆಲ್ಲ ಹಲ್ಲಿದ್ದೋರು ಇಲ್ದೋರು ಅಂತ ಭೇದ ಇಲ್ದೇ ನಕ್ರು. ನಾನು, "ಫೋಟೋ ಇದ್ರೆ ಕೊಡಿ, ಹಾಗೇ ಮಾಡ್ತೀನಿ" ಅಂತ ಸವಾಲ್ ಹಾಕ್ದೆ. ಅವರ ನಗು ಸ್ವಲ್ಪ ಇಳೀತು. "ಎಲ್ಲೈತಪ್ಪ ಫೋಟೋ? ಅಲ್ಲಿ ತೆಗೆಯಂಗಿರ್ಲಿಲ್ಲ" ಅಂದ್ರು. ಅವರ ಹಳೇ ಜೊತೆಗಾರರೆಲ್ಲ ವರ್ಷಕ್ಕೊಂದ್ಸಲ ಆನೇಕಲ್ ಹತ್ರ ಒಂದು ಛತ್ರದಲ್ಲಿ ಸೇರ್ತಾರೆ. ಒಬ್ಬ ಮೆಡಲ್ ತರ್ತಾನೆ, ಒಬ್ಬ ಕಾಗದ ತರ್ತಾನೆ, ಹೇಗೋ ಕದ್ದು ತೆಗೆದ ಫೋಟೋ ಇನ್ನೊಬ್ಬ ತರ್ತಾನೆ. ಇವರು ಮಾತ್ರ ಬರಿಗೈಲಿ ಹೋಗಿ ಊಟ ಮಾಡ್ಕೊಂಡು ಬರ್ತಾರೆ. ಇದನ್ನ ಅವರು ಬೇಜಾರಲ್ಲೇನೂ ಹೇಳ್ಲಿಲ್ಲ. ನಾನೇ ಅದನ್ನ ತಲೆಲಿಟ್ಕೊಂಡೆ, ಒಳ್ಳೇ ಉದ್ದೇಶಕ್ಕಲ್ಲ.

ಮನೆಗೆ ಬಂದೋನೇ ಟ್ಯಾಂಕನ್ನ ಹೊಲಸು ಮಾಡೋ ಕೆಲಸ ಶುರು ಹಚ್ಕೊಂಡೆ. ನೋಡಿ, ಮೂವತ್ತು ವರ್ಷ ತುಕ್ಕು ಒರೆಸಿ ಒರೆಸಿ ಅನ್ನ ತಿಂದೋನಿಗೆ ತುಕ್ಕು ಬರಿಸೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಲ್ಲ. ಅಂಗಡೀಲಿ ಅದಕ್ಕೇ ಅಂತ ಪುಟ್ಟ ಪುಟ್ಟ ಶೀಶೆ ಸಿಗತ್ತಂತೆ. ಆದ್ರೆ ನಮ್ಮ ಅಡುಗೆಮನೆ ಅನ್ನೋದು ಎಂಥಾ ಸ್ಟೋರ್ ರೂಮು! ಕೇಳೋಕೆ ಚೀಟಿ ಬರೀಬೇಕಾಗಿಲ್ಲ, ಸಹಿ ಬೇಕಾಗಿಲ್ಲ, ಸ್ಟೋರ್‌ಕೀಪರ್ ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಿರ್ತಾಳೆ.

ಮೊದ್ಲು ಹೋಗಿದ್ದು ಉಪ್ಪು. ಈ ಉಪಾಯ ಕೇಳಿದ್ರೆ ನೀವು ನನಗೆ ಶಾಲು ಹೊದಿಸ್ತೀರಿ. ಟ್ಯಾಂಕಿಗೆ ಮೊದ್ಲು ಕಂದು ಬಣ್ಣ ಬಳೀಬೇಕು. ಒಣಗಿದ್ಮೇಲೆ ನೀರು ಚಿಮುಕಿಸಿ ಅಲ್ಲಲ್ಲಿ ಪುಡಿ ಉಪ್ಪು ಉದುರಿಸ್ಬೇಕು. ಆ ನೀರಾರಿದ್ಮೇಲೆ ಅದರ ಮೇಲೇ ಹಸಿರು ಬಣ್ಣ. ಕೊನೇಗೆ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದ್ರೆ ಉಪ್ಪಿನ ಕಾಳು ಉದುರಿ, ಆ ಜಾಗದಲ್ಲಿ ಬಣ್ಣ ಚಕ್ಕೆ ಎದ್ದು ಒಳಗಿನ ತುಕ್ಕು ಕಾಣೋ ಹಾಗಾಗತ್ತೆ. ಅವತ್ತು ಸಾರಿಗೆ ಉಪ್ಪಿರ್ಲಿಲ್ಲ. ನಾನು ಬಾಯ್ಮುಚ್ಕೊಂಡು ಎರಡು ಸಲ ಹಾಕಿಸ್ಕೊಂಡು ತಿಂದೆ. ಅಲ್ಲೇ ಅವಳಿಗೆ ಅನುಮಾನ ಬಂದಿದ್ದು.

ಚಕ್ರದ ಮೇಲಿನ ಮಡ್‌ಗಾರ್ಡು ಸೊಟ್ಟಪಟ್ಟ ಆಗಿರ್ಬೇಕಲ್ಲ, ಅದಕ್ಕೆ ನನ್ನ ಬಿಪಿ ಮಾತ್ರೆಯ ಬೆಳ್ಳಿ ಹಾಳೆ. ಬೆರಳಲ್ಲಿ ಒತ್ತಿದ್ರೆ ಲಾರಿ ಗುದ್ದಿದ ಹಾಗೆ ನೆಗ್ಗತ್ತೆ. ಡಾಕ್ಟ್ರು "ಮಾತ್ರೆ ದಿನಾ ತಗೋತಿದೀರಾ?" ಅಂದಾಗ, "ಮಡ್‌ಗಾರ್ಡ್ ಮುಗಿಯೋವರೆಗೂ ತಗೊಂಡೆ ಸಾರ್" ಅಂದ್ಬಿಟ್ಟಿದ್ದೆ. ಬೋಲ್ಟಿನ ತಲೆಗೆ ರಾಗಿ ಕಾಳು, ಒಂದೊಂದೇ ಸೂಜಿ ತುದೀಲಿ ಎತ್ತಿ ಅಂಟಿಸಿದ್ದು. ಹವಾಲ್ದಾರ್ರ ಅಪ್ಪನ ಹೊಲದ ರಾಗಿ ಎಲ್ಲೋ ಹೋಯ್ತು, ನನ್ನ ಟ್ಯಾಂಕಿನ ಮೇಲೆ ಬೆಳೀತು. ಎಳೆಯೋ ಕಬ್ಬಿಣದ ಹಗ್ಗಕ್ಕೆ ಹೊಲಿಗೆ ದಾರ ಹುರಿ ಮಾಡಿ, ಪೆನ್ಸಿಲ್ ಸೀಸದ ಪುಡಿ ಉಜ್ಜಿದ್ದು. ಸುತ್ತಿಟ್ಟ ತಾಡಪಾಲಿಗೆ ನನ್ನ ಹಳೇ ಪಂಚೆಯ ಚೂರನ್ನ ಬಿಳಿ ಗೋಂದಲ್ಲಿ ನೆನೆಸಿದ್ದು. ಮರುಭೂಮಿ ಧೂಳಿಗೆ ದೇವರ ಮನೆ ವಿಭೂತಿ, ಅದನ್ನ ಮಾತ್ರ ಕೈ ಮುಗಿದು ತಗೊಂಡೆ. ಗುಂಡನೆ ಮುಚ್ಚಳಗಳಿಗೆ ಸುಶೀಲನ ಹಣೆಗಿಡೋ ಸ್ಟಿಕರ್. ಅದು ಸಿಕ್ಕಿಬಿತ್ತು. ಒಂದಿನ ಟ್ಯಾಂಕನ್ನೇ ದಿಟ್ಟಿಸಿ ನೋಡಿ, "ಇದಕ್ಕೆ ಬಳೇನೂ ತೊಡಿಸಿ ಒಂದು ಸೀರೆ ಉಡಿಸ್ಬಿಡಿ, ಜೊತೇಲೇ ಇರ್ಲಿ, ನಾನು ಅಕ್ಕನ ಮನೆಗೆ ಹೋಗ್ತೀನಿ" ಅಂದ್ಲು. ಟೀ ಜಾಲರಿ ಕತ್ತರಿಸಿದ್ದು ಅದಾದ್ಮೇಲೆ. ಧೈರ್ಯ ನೋಡಿ ನಂದು.

ತೊಂದ್ರೆ ಕೊಟ್ಟಿದ್ದು ಕೆಸರು. ಚಕ್ರಗಳ ಸುತ್ತ ಓಡೋ ಚೈನಿಗೆ ಮೆತ್ತಿದ ಕೆಸರು. ಮರಳು, ಟೀ ಪುಡಿ ಕಲಸಿ ಬಿಳಿ ಗೋಂದು ಹಾಕಿದ್ರೆ, ಒಣಗಿದ್ಮೇಲೆ ಹೊಳೀತಿತ್ತು. ಹೊಳೆಯೋ ಕೆಸರು ಎಲ್ಲಾದ್ರೂ ಉಂಟಾ? ಆಗ ನೆನಪಾಯ್ತು, ಹಳೇ ಕಾಲದಲ್ಲಿ ಮನೆ ಗಾರೆಗೆ ಬೆಲ್ಲದ ನೀರು ಹಾಕ್ತಿದ್ರು, ಕಲ್ಲಿನ ಹಾಗೆ ಹಿಡ್ಕೊಳ್ತಿತ್ತು ಅಂತ. ಅರ್ಧ ಅಚ್ಚು ಬೆಲ್ಲ ಪಾಕ ಮಾಡಿ ಕಲಸಿ ಮೆತ್ತಿದೆ ನೋಡಿ, ಆಹಾ! ಬಣ್ಣ ಅಂದ್ರೆ ಬಣ್ಣ, ಹಿಡಿತ ಅಂದ್ರೆ ಹಿಡಿತ. ಇಡೀ ಪ್ರಪಂಚದಲ್ಲಿ ಟ್ಯಾಂಕಿಗೆ ಬೆಲ್ಲ ಹಾಕಿದ ಮೊದಲ ಮನುಷ್ಯ ನಾನೇ ಅಂತ ಬೀಗಿದೆ. ಯಾಕೆ ಇನ್ಯಾರೂ ಹಾಕಿರ್ಲಿಲ್ಲ ಅಂತ ಒಂದ್ನಿಮಿಷ ಯೋಚಿಸ್ಬೇಕಾಗಿತ್ತು.

ಈಗ ತಮಾಷೆ. ಹವಾಲ್ದಾರ್ರು ದಿನಕ್ಕೆರಡು ಸಲ ಹೇಳ್ತಿದ್ದ ಅವರ ಗಾಡಿ ನಂಬರನ್ನೇ ಟ್ಯಾಂಕಿನ ಮೇಲೆ ಬರೆದೆ. ಪಕ್ಕದ ಸೈಟಲ್ಲಿ ಬಿಲ್ಡಿಂಗ್ ಏಳ್ತಿತ್ತು, ಮುಂದೆ ಮರಳಿನ ಗುಡ್ಡೆ. ಮಧ್ಯಾಹ್ನ ನೆತ್ತಿ ಬಿಸಿಲಲ್ಲಿ ಅದರ ಮೇಲೆ ಟ್ಯಾಂಕ್ ಇಟ್ಟು, ಚಿಕ್ಕ ಕ್ಯಾಮೆರಾ ಹಿಡ್ಕೊಂಡು ಹೊಟ್ಟೆ ಮೇಲೆ ಮಲಗಿ ತೆವಳ್ತಿದ್ದೆ. ಅಲ್ಲಿ ಕೆಲಸ ಮಾಡ್ತಿದ್ದ ರಾಯಚೂರು ಕಡೆಯೋನೊಬ್ಬ ಓಡಿ ಬಂದ.

"ಯಜಮಾನ್ರ, ಏನಾತ್ರಿ? ಬಿದ್ರೇನ್ರಿ?"

"ಇಲ್ಲಪ್ಪ, ಯುದ್ಧ ನಡೀತಿದೆ. ಸ್ವಲ್ಪ ಬಗ್ಗು, ನಿನ್ನ ನೆರಳು ಬೀಳ್ತಿದೆ."

ಅವನು ನನ್ನ ನೋಡ್ದ, ಟ್ಯಾಂಕ್ ನೋಡ್ದ, ಹಿಂದೆ ತಿರುಗಿ ಕೂಗ್ದ: "ಏ ಬಸ್ಯಾ, ಲಗೂನ ನೀರ್ ತಗೊಂಡ್ ಬಾರೋ! ಯಜಮಾನ್ರಿಗೆ ಬಿಸ್ಲು ತಲಿಗೇರೈತಿ!"

ನೀರು ಕುಡಿದು, ಯುದ್ಧ ಮುಗಿಸಿ, ಸ್ಟುಡಿಯೋಲಿ ಕಪ್ಪು-ಬಿಳುಪಲ್ಲಿ ಅಂಗೈಯಷ್ಟಗಲ ಪ್ರಿಂಟ್ ಹಾಕಿಸ್ದೆ. ಅದನ್ನ ಟೀ ಡಿಕಾಕ್ಷನ್ನಲ್ಲಿ ಅದ್ದಿ, ಒಣಗಿಸಿ, ಮೇಲೆ ಪೇಪರಿಟ್ಟು ಇಸ್ತ್ರಿ ಹಾಕಿ, ನಡುವೆ ಒಂದು ಮಡಿಕೆ ಮುರಿದೆ. ಐದೇ ನಿಮಿಷದಲ್ಲಿ ಫೋಟೋಗೆ ನಲವತ್ತು ವರ್ಷ ವಯಸ್ಸಾಯ್ತು. ಪ್ಲ್ಯಾನ್ ಇಷ್ಟೇ: ಫುಟ್‌ಪಾತ್ ಮೇಲಿನ ಹಳೇ ಪುಸ್ತಕದ ರಾಶೀಲಿ ಸಿಕ್ತು ಅಂತ ಕೊಡೋದು, ಅವರು "ನಂ ಗಾಡಿ!" ಅನ್ನೋದು, ತಕ್ಷಣ ನಾನು ಬ್ಯಾಗಿಂದ ಮದುವೆ ಗಂಡನ್ನ ಎತ್ತಿ ತೋರ್ಸೋದು, ಬೆಂಚೆಲ್ಲ ಬಿದ್ದು ಬಿದ್ದು ನಗೋದು.

ಸಂಜೆ ಬೆಂಚಿನ ಮೇಲೆ ಹವಾಲ್ದಾರ್ರು ಕನ್ನಡಕ ಒರೆಸ್ಕೊಂಡು ಫೋಟೋ ನೋಡಿದ್ರು. ತುಂಬಾ ಹೊತ್ತು.

"ಇದು ನಂ ಗಾಡಿ" ಅಂದ್ರು.

ನನ್ನ ಕೈ ಬ್ಯಾಗಿನ ಜಿಪ್ ಮೇಲಿತ್ತು. ಎಳೆಯೋದೊಂದು ಬಾಕಿ.

"ಇಲ್ನೋಡು ಪುಟ್‌ಸಾಮಿ, ಚೈನಿನ್ ಪಕ್ದಾಗೆ. ಸುಂದ್ರಿ."

"ಯಾವ ಸುಂದ್ರಿ?"

"ನಂ ನಾಯಿ ಕಣಪ್ಪ. ಕರೀದು, ಬಡಕಲು. ಗಾಡಿ ನಿಂತ್ರೆ ಸಾಕು, ಚೈನಿನ್ ನೆಳ್ಳಾಗೆ ಬಂದು ಕುಂತ್ಕಳದು. ನನ್ ಪಾಲಿನ್ ಬಿಸ್ಕತ್ತಾಗೆ ಅರ್ಧ ಅದಕ್ಕೇಯ. ನಮ್ಮನ್ನ ಅಲ್ಲಿಂದ ಬ್ಯಾರೆ ಕಡೀಕ್ ಆಕಿದ್ರಲ್ಲ, ಆವತ್ತು ಲಾರಿ ಇಂದ್ಗಡೆ ಓಡ್ ಬಂತು, ಓಡ್ ಬಂತು... ಆಮ್ಯಾಕೆ ಧೂಳಲ್ಲಿ ಕಾಣ್ಲಿಲ್ಲ."

ಕಪ್ಪೆ ನೋಡಿ ಮುಖ ಅಲ್ಲಾಡಿಸ್ದೇ ಇದ್ದ ಮನುಷ್ಯ ಟವಲ್ಲಲ್ಲಿ ಕಣ್ಣೊರೆಸ್ಕೊಂಡ್ರು. ಜಿಪ್ ಮೇಲಿದ್ದ ನನ್ನ ಕೈ ತಾನಾಗೇ ಕೆಳಗೆ ಬಂತು. ಅವರು ಫೋಟೋನ ಜೇಬಲ್ಲಿಟ್ಟು ಗುಂಡಿ ಹಾಕ್ಕೊಂಡು, "ಬರೋ ಭಾನ್ವಾರ ನಂ ಸಭೆ. ಇದನ್ನ ದೊಡ್ಡದ್ ಮಾಡಿಸ್ತೀನಿ, ಇಷ್ಟಗಲ" ಅಂತ ಎರಡೂ ಕೈ ಚಾಚಿದ್ರು. "ಈ ವರ್ಷ ನಾನೂ ಒಂದು ತಗಂಡೋಯ್ತೀನಿ."

ನನಗೆ ಅರ್ಥ ಆಗದೇ ಇದ್ದಿದ್ದು ಒಂದೇ. ನಾನು ನಾಯಿ ಇಟ್ಟಿರ್ಲಿಲ್ಲ.

ಮನೆಗೆ ಓಡಿ, ಇನ್ನೊಂದು ಪ್ರಿಂಟ್ ತೆಗೆದು, ಟೂಲ್‌ರೂಮಿಂದ ತಂದ ಭೂತಗನ್ನಡಿ ಹಿಡಿದೆ. ಚೈನಿನ ಪಕ್ಕ ಕರ್ರಗೆ, ಬಡಕಲಾಗಿ, ತಲೆ ಎತ್ಕೊಂಡು ನಿಂತಿತ್ತು. ಗೊದ್ದ! ಬೆಲ್ಲದ ವಾಸನೆಗೆ ಬಂದ ಕಟ್ಟಿರುವೆ. ನನ್ನ ಟ್ಯಾಂಕು ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಪಾಲು. ಗೊದ್ದದ ಉದ್ದ ಒಂದು ಸೆಂಟಿಮೀಟರ್ ಮೇಲೆ ಸ್ವಲ್ಪ. ನೀವೇ ಗುಣಿಸಿ ನೋಡಿ, ಸರಿಯಾಗಿ ಒಂದು ಬಡಕಲು ನಾಯಿ. ಮೂವತ್ತು ವರ್ಷದ ಸರ್ವೀಸಲ್ಲಿ ಅಷ್ಟು ಕರಾರುವಾಕ್ಕಾಗಿ ಅಳತೆ ಕೂತಿದ್ದು ಅದೊಂದೇ ಸಲ, ಅದೂ ನಾನು ಮಾಡಿದ್ದಲ್ಲ.

ಅಂಗೈಯಷ್ಟು ಫೋಟೋದಲ್ಲಿ ಅದು ನಾಯಿ. ಎರಡು ಕೈಯಗಲ ಮಾಡಿಸಿದ್ರೆ? ಆರು ಕಾಲು. ಎರಡು ಮೀಸೆ. ಛತ್ರದ ತುಂಬ ಅವರ ಜೊತೆಗಾರರು. ಅಷ್ಟು ವರ್ಷ ಬರಿಗೈಲಿ ಹೋದ ಮನುಷ್ಯ ಮೊದಲ ಸಲ ಏನೋ ತಂದಿದೀನಿ ಅಂತ ಬಿಚ್ಚಿ ತೋರ್ಸಿ, "ನೋಡ್ರಪ್ಪ, ನಮ್ಮ ಸುಂದ್ರಿ" ಅಂದ್ರೆ!

ಬೆಳಿಗ್ಗೆ ಎದ್ದೋನೇ ಸ್ಟುಡಿಯೋಗೆ ಓಡಿದೆ. ಹವಾಲ್ದಾರ್ರು ಆಗಲೇ ಫೋಟೋ ಕೊಟ್ಟು ಹೋಗಿದ್ರು. ಸ್ಟುಡಿಯೋದೋನು ಕಂಪ್ಯೂಟರಲ್ಲಿ ದೊಡ್ಡದು ಮಾಡಿ ಕೂತಿದ್ದ.

"ಸಾರ್, ಇದರಲ್ಲಿ ಒಂದು ಇರುವೆ ಇದೆ."

"ಅದು ನಾಯಿ ಅಂತ ತಿಳ್ಕೊಳ್ಳಪ್ಪ."

"ತಿಳ್ಕೊಂಡೆ ಸಾರ್. ಈಗ ಆರು ಕಾಲಿರೋ ನಾಯಿ ಆಯ್ತು."

"ಎರಡು ಕಾಲು ತೆಗೀಯೋಕಾಗುತ್ತಾ?"

"ಮೊಡವೆ ತೆಗ್ದಿದೀನಿ, ಬಿಳಿ ಕೂದ್ಲು ತೆಗ್ದಿದೀನಿ, ಒಂದು ಮದುವೆ ಆಲ್ಬಮ್ಮಲ್ಲಿ ಭಾವನ್ನೇ ತೆಗ್ದಿದೀನಿ. ಕಾಲು ಇದೇ ಮೊದ್ಲು ಸಾರ್. ತೆಗೆದ್ರೂ ಸೊಂಟ ನೋಡಿ, ಇಂಥ ಸೊಂಟ ಯಾವ ನಾಯಿಗಿರುತ್ತೆ? ಪೂರ್ತಿ ಅಳಿಸ್ಬಿಡ್ಲಾ? ಒಂದ್ನಿಮಿಷದ ಕೆಲಸ."

'ಹೂಂ' ಅನ್ನೋಕೆ ಬಾಯಿ ತೆರೆದೆ. ಅವರು ಫೋಟೋ ತಗೊಂಡು ಮೊದ್ಲು ನೋಡೋದೇ ಚೈನಿನ ಪಕ್ಕ. ಅಲ್ಲಿ ಏನೂ ಇಲ್ದಿದ್ರೆ? ಮತ್ತೆ ಧೂಳಲ್ಲಿ ಕಾಣಿಸ್ಲಿಲ್ಲ ಅಂತಾಗತ್ತೆ. ಬಾಯಿ ಮುಚ್ಚಿ, "ಎರಡು ದಿನ ತಡಿ, ಪ್ರಿಂಟ್ ಹಾಕ್ಬೇಡ" ಅಂತ ಹೇಳಿ ಮನೆಗೆ ಬಂದೆ.

ಸುಶೀಲ ಎಲ್ಲಾ ಕೇಳಿದ್ಲು. ಬೈತಾಳೆ ಅಂದ್ಕೊಂಡಿದ್ದೆ, ಬೈಲಿಲ್ಲ, ಅದೇ ಹೆದರಿಕೆ ಆಗಿದ್ದು. "ಅಲ್ಲಿ ಯಾರಾದ್ರೂ ಒಬ್ರು ಕನ್ನಡಕ ಹಾಕ್ಕೊಂಡು ನೋಡೇ ನೋಡ್ತಾರೆ. ಎಲ್ರೂ ನಗ್ತಾರೆ. ಆಗ ರಂಗಪ್ಪಣ್ಣ ಎದ್ದು ಎಲ್ಲಿಗೆ ಹೋಗ್ಬೇಕು? ಹೋಗಿ ಹೇಳ್ಬಿಡಿ. ಚಪ್ಲಿ ಹಾಕ್ಕೊಳ್ಳಿ" ಅಂದ್ಲು.

ಹೋದೆ. ಟ್ಯಾಂಕನ್ನ ಒಂದು ಕೇಕಿನ ಡಬ್ಬೀಲಿಟ್ಕೊಂಡು ಹೋದೆ. ಹವಾಲ್ದಾರ್ರು ಜಗಲಿ ಮೇಲೆ ಕೂತು ಭಾನುವಾರಕ್ಕೆ ಅಂತ ಬೂಟಿಗೆ ಪಾಲಿಶ್ ಹಾಕ್ತಿದ್ರು. ನನ್ನ ನೋಡಿ ಮುಖ ಅರಳ್ತು. ಆ ಅರಳಿದ ಮುಖದ ಮುಂದೆ ಡಬ್ಬಿ ಬಿಚ್ಚೋದು ಎಷ್ಟು ಕಷ್ಟ ಗೊತ್ತಾ? ಬಿಚ್ಚಿದೆ. ನನ್ನ ಹತ್ರ ಇದ್ದ ಪ್ರಿಂಟು, ಭೂತಗನ್ನಡಿ ಎರಡೂ ಕೈಗೆ ಕೊಟ್ಟೆ. ಅವರು ಫೋಟೋ ನೋಡಿದ್ರು, ಟ್ಯಾಂಕ್ ನೋಡಿದ್ರು, ಮತ್ತೆ ಫೋಟೋ ನೋಡಿದ್ರು.

"ಅಂಗಾರೆ ನಾನು ಗೊದ್ದ ನೋಡಿ ಕಣ್ಣೀರಾಕ್ದೆ."

ನಾನು ಏನಾದ್ರೂ ತಮಾಷೆ ಮಾಡಿ ಪಾರಾಗೋಣ ಅಂತ, "ಅದು ಬೆಲ್ಲಕ್ಕೆ ಬಂದಿದ್ದು ಹವಾಲ್ದಾರ್ರೇ, ಅಚ್ಚು ಬೆಲ್ಲ, ಒಳ್ಳೇದು..." ಅಂದೆ.

"ಪುಟ್‌ಸಾಮಿ, ಮನೇಗೋಗು."

ಜೋರಾಗಿ ಹೇಳ್ಲಿಲ್ಲ. ಗೇಟಲ್ಲಿ ಗುರುತಿನ ಚೀಟಿ ಇಲ್ದೋರಿಗೆ ಹೇಳೋ ದನೀಲಿ ಹೇಳಿದ್ರು. ಆಮೇಲೆ ಬೂಟು ಉಜ್ಜೋಕೆ ಶುರು ಮಾಡಿದ್ರು. ನಾನು ಟ್ಯಾಂಕು, ಭೂತಗನ್ನಡಿ ಎಲ್ಲ ಅಲ್ಲೇ ಬಿಟ್ಟು ಬಂದೆ. ಮೂರು ದಿನ ಅವರು ಬೆಂಚಿಗೆ ಬರ್ಲಿಲ್ಲ. ಬೆಂಚಿನೋರೆಲ್ಲ "ಏನಾಯ್ತು ಹವಾಲ್ದಾರ್ರಿಗೆ?" ಅಂತ ನನ್ನೇ ಕೇಳೋರು. ನಾನು ಅಂಗಿ ಗುಂಡಿ ಬಿಚ್ಚಿ ಹಾಕಿ ಮಾಡ್ತಿದ್ದೆ.

ಶನಿವಾರ ಸಂಜೆ ಬಾಗಿಲು ತಟ್ಟಿದ್ರು. ಕಂಕುಳಲ್ಲಿ ಕೇಕಿನ ಡಬ್ಬಿ. ಸೀದಾ ಒಳಗೆ ಬಂದು ಊಟದ ಮೇಜಿನ ಮೇಲೆ ಟ್ಯಾಂಕ್ ಇಟ್ಟು, ನನ್ನ ಮುಖ ನೋಡ್ದೇ ಕೇಳಿದ್ರು:

"ಬಕೀಟ್ ಮಾಡಕ್ ಬತ್ತದಾ ನಿಂಗೆ?"

"ಬಕೆಟ್ಟಾ?"

"ಇಂದ್ಗಡೆ ಬಕೀಟ್ ನೇತಾಕ್ತಿದ್ವಿ. ಒಂದು ಕೆಟ್ಲು. ಸೀಮೆಣ್ಣೆ ಸ್ಟೌವ್. ತೋಪಿನ್ ಬ್ಯಾರೆಲ್‌ಗೆ ಅಗ್ಗ ಕಟ್ಟಿ ಬನಿಯನ್ ಒಣಗಾಕ್ತಿದ್ವಿ, ಸಾಹೇಬ್ರು ಬಂದಾಗ ಎತ್ಕಂಬುಡ್ತಿದ್ವಿ. ನಾಕು ಜನ ಸಂಸಾರ ಮಾಡಿದೀವಿ ಕಣಯ್ಯ ಇದ್ರಾಗೆ. ನೀನು ಬರೀ ತುಕ್ಕು ಮಾಡಿದೀಯ."

ನಾನು ಅಡುಗೆಮನೆ ಸಾಮಾನೆಲ್ಲ ಕದ್ದು ಟ್ಯಾಂಕಿಗೆ ಅಂಟಿಸಿದ್ದೆ, ಆದ್ರೆ ಅಡುಗೆಮನೇನೇ ಅದರಲ್ಲಿತ್ತು ಅಂತ ನನಗೆ ಹೊಳೆದೇ ಇರ್ಲಿಲ್ಲ. ಕೂತ್ವಿ. ಟೂತ್‌ಪೇಸ್ಟಿನ ಮುಚ್ಚಳ ಬಕೆಟ್ ಆಯ್ತು, ಕೂದಲು ಪಿನ್ನಿನ ತಂತಿ ಅದರ ಹಿಡಿ. ಸುಶೀಲ ಕೇಳ್ದೇನೇ ಹಳೇ ಕಿವಿಯೋಲೆಯ ಒಂದು ತುಂಡು ತಂದ್ಲು, ಅದು ಸ್ಟೌವ್. ಬನಿಯನ್ ಚೂರುಗಳನ್ನ ಅವಳೇ ಕತ್ತರಿಸಿದ್ಲು. ಹವಾಲ್ದಾರ್ರು ಮುಂದಿನ ಮಡ್‌ಗಾರ್ಡಿನ ಮೇಲೆ ನಾನು ಪ್ರೀತಿಯಿಂದ ಮೆತ್ತಿದ್ದ ಕೆಸರನ್ನ ಉಗುರಲ್ಲಿ ಕೆರೆದು ಹಾಕಿದ್ರು. "ಇಲ್ಲಿ ಕೆಸ್ರಿರಲ್ಲ. ಇಲ್ಲಿ ಕಾಲಿಟ್ಟೇ ನಾನು ಗಾಡಿ ಮ್ಯಾಲಕ್ ಅತ್ತಿದ್ದು. ಬೂಟ್ ಉಜ್ಜಿ ಉಜ್ಜಿ ಬೆಳ್ಳಗಿತ್ತು." ಅಲ್ಲಿಗೆ ಪೆನ್ಸಿಲ್ ಸೀಸದ ಪುಡಿ ಉಜ್ಜಿ ಹೊಳಪು ಕೊಟ್ಟೆ. ಮಿಕ್ಕ ಕೆಸರನ್ನೂ ತೊಳೆದು, ಬೆಲ್ಲ ಬಿಟ್ಟು ಬಿಳಿ ಗೋಂದಲ್ಲೇ ಕಲಸಿ, ಮೇಲೆ ವಿಭೂತಿ ಉದುರಿಸಿ ಹೊಳಪು ಸಾಯಿಸ್ದೆ. ಮೊದಲೇ ಹಾಗೆ ಮಾಡ್ಬೋದಿತ್ತು ಅಂತ ಇಬ್ಬರೂ ಹೇಳ್ಲಿಲ್ಲ, ಅದು ದೊಡ್ಡತನ.

ಸುಶೀಲ ಮೆಲ್ಲಗೆ, "ಅಣ್ಣ, ನಾಯಿ ಬೇಕಾ? ಹಿಟ್ಟಲ್ಲಿ ಮಾಡ್ಕೊಡ್ಲಾ?" ಅಂದ್ಲು.

"ಬ್ಯಾಡಮ್ಮ" ಅಂದ್ರು. ಬಕೆಟ್ಟಿನ ಹಿಡಿ ನೆಟ್ಟಗೆ ಮಾಡ್ತಾ, "ಅದು ಸಿಕ್ತು ಅನ್ಕಂಡಿದ್ನಲ್ಲ, ಸಾಕು."

ಭಾನುವಾರ ಅವರು ಫೋಟೋ ಬಿಟ್ಟು, ಕೇಕಿನ ಡಬ್ಬಿ ತೊಡೆ ಮೇಲಿಟ್ಕೊಂಡು ಆನೇಕಲ್ ಬಸ್ ಹತ್ತಿದ್ರು. ಆದ್ರೂ ನನಗೆ ಇಡೀ ದಿನ ಸಮಾಧಾನ ಇಲ್ಲ. ನಾನು ಫೋಟೋ ಕೊಟ್ಟ ದಿನಾನೇ, ಸಭೆಗೆ ಅದನ್ನ ತರ್ತೀನಿ, ನಾಯಿನೂ ಇದೆ ಅಂತ ಅವರು ಜೊತೆಗಾರರಿಗೆಲ್ಲ ಫೋನ್ ಮಾಡಿ ಹೇಳ್ಬಿಟ್ಟಿದ್ರಂತೆ. ಶನಿವಾರ ರಾತ್ರಿ ಹೊರಡೋವಾಗ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ರು. "ಫೋಟೋ ಎಲ್ಲಿ ಅಂದ್ರೆ ಏನಂತೀರಿ?" ಅಂತ ಕೇಳಿದ್ದಕ್ಕೆ, "ನೋಡನ" ಅಂದಿದ್ರು ಅಷ್ಟೇ.

ಮುಂದಿನ ವಾರ ಮನೆಗೆ ಬಂದ್ರು, ಜೊತೇಲಿ ಇನ್ನೊಬ್ಬರು. ಬಿಳಿ ಮೀಸೆ, ನೆಟ್ಟನೆ ಬೆನ್ನು. ಅದೇ ಗಾಡೀಲಿ ತೋಪು ಹಾರಿಸ್ತಿದ್ದ ಸುಬೇದಾರ್ ಸಾಹೇಬ್ರಂತೆ. ಟ್ಯಾಂಕ್ ಮಾಡಿದೋರನ್ನ ನೋಡ್ಲೇಬೇಕು ಅಂತ ಆನೇಕಲ್ಲಿಂದ ಬಂದಿದ್ರು. ನಾನು ಎದೆಯುಬ್ಬಿಸ್ಕೊಂಡು ಮುಂದೆ ಹೋದೆ. ಅವರು ನನ್ನ ಕೈ ಹಿಡ್ಕೊಂಡು, ಮುಖ ಹತ್ರ ತಂದು ನೋಡಿ, ತಡೀಲಾರದೇ ನಗೋಕೆ ಶುರು ಮಾಡಿದ್ರು.

"ಓಹೋ, ಇವ್ರೇನಾ! ಗೊದ್ದಾನ ನಾಯಿ ಅಂದ್ಕೊಂಡು ಬಿಸ್ಕತ್ ಹಾಕಿದೋರು ನೀವೇ ಏನ್ರೀ?"

ನಾನು ಹವಾಲ್ದಾರ್ರ ಮುಖ ನೋಡ್ದೆ. ಅವರು ಸುಬೇದಾರ್ರ ಹಿಂದೆ ಅಟೆನ್ಷನ್ನಲ್ಲಿ ನಿಂತು, ನಮ್ಮ ಗೋಡೆ ಮೇಲಿನ ಕ್ಯಾಲೆಂಡರನ್ನ ಬಹಳ ಆಸಕ್ತಿಯಿಂದ ಓದ್ತಿದ್ರು.

"ರಂಗಪ್ಪ ಎಲ್ಲಾ ಹೇಳ್ದ. ನಿಮ್ಮ ಫೋಟೋದಲ್ಲಿ ಇರುವೆ ಬಿದ್ದಿತ್ತಂತೆ, ನೀವು ಕನ್ನಡಕ ಇಲ್ದೇ ನೋಡಿ ನಾಯಿ ನಾಯಿ ಅಂತ ಊರೆಲ್ಲ ಡಂಗುರ ಹೊಡೆದ್ರಂತೆ, ಇವನೂ ನಂಬಿ ನಮಗೆಲ್ಲ ಫೋನ್ ಮಾಡ್ಬಿಟ್ನಂತೆ. ನೀವು ಆ ಮರಳಿನ ಗುಡ್ಡೆ ಹತ್ರ ಹೋಗಿ 'ಬಾ ಬಾ, ಚು ಚು' ಅಂತ ಕರೆದ್ರಂತೆ! ಅಯ್ಯೋ, ಅವತ್ತು ಛತ್ರದಲ್ಲಿ ಅರ್ಧ ಜನಕ್ಕೆ ಅನ್ನ ನೆತ್ತಿಗೇರ್ತು."

ಮೂವತ್ತು ವರ್ಷ ಇಡೀ ಕಾರ್ಖಾನೇನ ಏಮಾರಿಸಿದೋನು ನಾನು. ಮ್ಯಾನೇಜರ ಎರಡೂ ಕಿವಿಗೆ ನೀಲಿ ಹಚ್ಚಿದೋನು. ನಾಲಿಗೆ ತುದೀಲಿತ್ತು ಮಾತು: ಸಾರ್, ನಾಯಿ ಅಂತ ಅಂದಿದ್ದು ಯಾರು ಗೊತ್ತಾ ನಿಮಗೆ? ಸುಶೀಲ ಅಡುಗೆಮನೆ ಬಾಗಿಲಲ್ಲಿ ಕಾಫಿ ತಟ್ಟೆ ಹಿಡ್ಕೊಂಡು ನನ್ನನ್ನೇ ನೋಡ್ತಿದ್ಲು. ಕ್ಯಾಲೆಂಡರ್ ಓದ್ತಿದ್ದ ಹವಾಲ್ದಾರ್ರು ಒಂದೇ ತಾರೀಖಿನ ಮೇಲೆ ಕಣ್ಣು ನೆಟ್ಟಿದ್ರು.

"ಹೌದು ಸಾರ್, ನಾನೇ" ಅಂದೆ. "ಬಿಸ್ಕತ್ ಒಂದೇ ಅಲ್ಲ ಸಾರ್. ಕೊರಳಿಗೆ ಬೆಲ್ಟ್ ತರೋಣ ಅಂತ ಅಂಗಡೀಗೂ ಹೋಗಿದ್ದೆ. ಸೈಜ್ ಸಿಗ್ಲಿಲ್ಲ."